ಕಡಲ ಮೇಲಿನ ಕಿರುಬಳಗ

ಸರ್ಕಾರಿ ಗೆಜೆಟ್ಟಿನಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಒಂದು ಮೂಲೆಯುಂಟು. ಸಾಮಾನ್ಯ ಓದುಗನ ಕಣ್ಣು ಅತ್ತ ಹಾಯುವುದೇ ಇಲ್ಲ. ಇಂಥವರಿಗೆ ಬಡ್ತಿ, ಇಂಥವರಿಗೆ ವರ್ಗ, ಇಂಥವರು ನಿವೃತ್ತರಾದರು, ಇಂಥವರು ದೈವಾಧೀನರಾದರು—ಇಷ್ಟೇ ಅದರ ಸಾರ. ಸಾವಿರಾರು ಮಂದಿ ದುಡಿಯುವ ದೊಡ್ಡ ಇಲಾಖೆಯಲ್ಲಿ ಇದು ಬರಿಯ ಪಟ್ಟಿ. ಆದರೆ ನಾಲ್ಕೇ ಮಂದಿ ಉಪಾಧ್ಯಾಯರಿರುವ ಹಳ್ಳಿಯ ಶಾಲೆಯಲ್ಲಿ ಒಬ್ಬರಿಗೆ ವರ್ಗವಾಯಿತೆನ್ನಿ. ಅಂದು ಊರಿನಲ್ಲೆಲ್ಲ ಅದೇ ಮಾತು. ಅವರ ಮನೆಯ ಪಾತ್ರೆಪದಾರ್ಥಗಳನ್ನು ಗಾಡಿಗೆ ಏರಿಸುವ ಹೊತ್ತಿಗೆ ಅರ್ಧ ಊರು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಅದೇ ಸುದ್ದಿ, ಅದೇ ಅಕ್ಷರಗಳು. ಬಳಗ ಕಿರಿದಾದ ಮಾತ್ರಕ್ಕೆ ಪಟ್ಟಿಯೇ ಕಥೆಯಾಗುತ್ತದೆ.

ಹೀಗೆ ಪಟ್ಟಿಯೆಲ್ಲ ಕಥೆಯಾಗುವಷ್ಟು ಕಿರಿದಾದ ಒಂದು ಸಮವಸ್ತ್ರದ ಸೇವೆ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿದೆ. ಆ ದೇಶ ಎಂಟು ಸಮವಸ್ತ್ರಧಾರಿ ಸೇವೆಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆರು ಆಯುಧ ಹಿಡಿದವು, ಎರಡು ನಿರಾಯುಧ. ನಿರಾಯುಧವಾದ ಎರಡರಲ್ಲಿ ಒಂದು ಸಾರ್ವಜನಿಕ ಆರೋಗ್ಯ ಸೇವೆ. ಇನ್ನೊಂದು ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತದ—ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ನೋವಾ' ಎಂದು ಕರೆಯುವ ಸಂಸ್ಥೆಯ—ಅಧಿಕಾರಿ ದಳ. ಎಂಟರಲ್ಲಿಯೂ ಇದೇ ಅತಿ ಚಿಕ್ಕದು. ಮುನ್ನೂರು ಚಿಲ್ಲರೆ ಮಂದಿಯ ಬಳಗ. ಇದರಲ್ಲಿ ಸಿಪಾಯಿಗಳಿಲ್ಲ, ಇರುವವರೆಲ್ಲ ಅಧಿಕಾರಿಗಳೇ. ಎನ್‌ಸೈನ್, ಲೆಫ್ಟಿನೆಂಟ್, ಕಮಾಂಡರ್, ಕ್ಯಾಪ್ಟನ್, ಅಡ್ಮಿರಲ್ ಎಂಬ ನೌಕಾಪಡೆಯ ಪದವಿಗಳೇ ಇಲ್ಲಿಯೂ ಇವೆ. ಆದರೆ ಇವರ ಹಡಗಿನಲ್ಲಿ ಫಿರಂಗಿಯಿಲ್ಲ. ಹಗ್ಗ ಎಳೆಯುವವರು, ಯಂತ್ರ ನೋಡುವವರು, ಅಡಿಗೆಯವರು ಸಮವಸ್ತ್ರವಿಲ್ಲದ ಸಾಮಾನ್ಯ ನಾವಿಕರು. ಕಡಲಿನ ಆಳವನ್ನು ಅಳೆಯುವುದು, ಮೀನಿನ ಸಂಪತ್ತನ್ನು ಎಣಿಸುವುದು, ಚಂಡಮಾರುತದ ಹೊಟ್ಟೆಯೊಳಕ್ಕೆ ವಿಮಾನವನ್ನು ನುಗ್ಗಿಸಿ ಅದರ ಒತ್ತಡ-ವೇಗಗಳನ್ನು ತಿಳಿದು ಬರುವುದು—ಇವು ಇವರ ಯುದ್ಧಗಳು.

ಈ ಪುಟ್ಟ ಬಳಗವನ್ನು ಇಷ್ಟು ಕಾಲ ಹಿಡಿದು ನಿಲ್ಲಿಸಿದ್ದು ಏನು ಎಂಬುದೇ ಈ ಲೇಖನದ ಪ್ರಶ್ನೆ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

೧೮೦೭ರ ಫೆಬ್ರವರಿ ೧೦ರಂದು ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ದೇಶದ ಕರಾವಳಿಯನ್ನು ಅಳೆಯಬೇಕೆಂಬ ಶಾಸನಕ್ಕೆ ಸಹಿ ಹಾಕಿದ. ಹೊಸ ರಾಷ್ಟ್ರ, ಉದ್ದವಾದ ತೀರ, ನಂಬತಕ್ಕ ನಕಾಶೆಗಳಿಲ್ಲ. ಸರಕು ಹೊತ್ತ ಹಡಗುಗಳು ಬಂದರಿನ ಬಾಗಿಲಲ್ಲೇ ಒಡೆಯುತ್ತಿದ್ದುವು. ಕೆಲಸವನ್ನು ವಹಿಸಿಕೊಂಡವನು ಸ್ವಿಟ್ಸರ್ಲೆಂಡಿನಿಂದ ವಲಸೆ ಬಂದಿದ್ದ ಫರ್ಡಿನಂಡ್ ಹ್ಯಾಸ್ಲರ್ ಎಂಬ ಗಣಿತಜ್ಞ. ತಕ್ಕ ಉಪಕರಣಗಳು ಅಮೆರಿಕದಲ್ಲಿ ದೊರೆಯದೆ ೧೮೧೧ರಲ್ಲಿ ಆತ ಲಂಡನ್ನಿಗೆ ಹೋದ. ಮರುವರ್ಷವೇ ಇಂಗ್ಲೆಂಡಿಗೂ ಅಮೆರಿಕಕ್ಕೂ ಯುದ್ಧ ಹತ್ತಿ, ಆತ ಮರಳಿದ್ದು ೧೮೧೫ರಲ್ಲಿ. ಕೆಲಸ ಆರಂಭವಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, ಅಂದರೆ ೧೮೧೮ರಲ್ಲಿ, ಕೆಲಸ ನಿಧಾನವೆಂದು ಆತನನ್ನು ಹೊರಹಾಕಲಾಯಿತು. ೧೮೩೨ರಲ್ಲಿ ಮತ್ತೆ ಕರೆಯಲಾಯಿತು. ಸಂಬಳದ ವಿಷಯದಲ್ಲಿ ಈ ಮುದುಕನಿಗೂ ಮಂತ್ರಿಗೂ ವಾದ ನಡೆದಾಗ, ಮಂತ್ರಿಯನ್ನು ಯಾವ ಅಧ್ಯಕ್ಷನಾದರೂ ಮಾಡಬಹುದು, ಹ್ಯಾಸ್ಲರನನ್ನು ಮಾಡಲು ದೇವರೇ ಬೇಕು ಎಂಬ ಅರ್ಥದ ಮಾತನ್ನು ಆತ ಆಡಿದನಂತೆ. ಕಥೆ ನಿಜವೋ ಸುಳ್ಳೋ, ಆ ಇಲಾಖೆಯವರು ಅದನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ. ಬಿರುಗಾಳಿಯಲ್ಲಿ ತನ್ನ ಉಪಕರಣಗಳನ್ನು ಕಾಪಾಡಿಕೊಳ್ಳಲು ಹೋಗಿ ಬಿದ್ದು ಪೆಟ್ಟು ತಿಂದು, ಅದರಿಂದ ಚೇತರಿಸಿಕೊಳ್ಳದೆ ೧೮೪೩ರ ನವೆಂಬರಿನಲ್ಲಿ ಹ್ಯಾಸ್ಲರ್ ತೀರಿಕೊಂಡ. ಮನೆತನದ ಮೂಲಪುರುಷನ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವ ಹಾಗೆ, ಹೊಸದಾಗಿ ಸೇರಿದ ಅಧಿಕಾರಿಗೆ ಈ ಕಥೆಯನ್ನು ಈಗಲೂ ಹೇಳುತ್ತಾರೆ.

ಆತನ ಅನಂತರ ಬಂದವನು ಅಲೆಕ್ಸಾಂಡರ್ ಡಲಾಸ್ ಬೇಚ್. ಬೆಂಜಮಿನ್ ಫ್ರಾಂಕ್ಲಿನ್ನನ ಮರಿಮಗ. ಈತನ ಕಾಲದಲ್ಲಿ ಇಲಾಖೆ ದೇಶದ ವಿಜ್ಞಾನಕ್ಕೇ ತವರಾಯಿತು. ತತ್ತ್ವಜ್ಞಾನ ಓದಿದವರಿಗೆ ಪರಿಚಿತನಾದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ೧೮೫೯ರಿಂದ ೧೮೯೧ರವರೆಗೆ ಇಲ್ಲಿಯೇ ದುಡಿದ. ಲೋಲಕವನ್ನು ತೂಗಿಸಿ ಭೂಮಿಯ ಆಕರ್ಷಣೆಯನ್ನು ಅಳೆದ. ಚಿತ್ರಕಾರ ವ್ಹಿಸ್ಲರ್ ೧೮೫೪-೫೫ರಲ್ಲಿ ಕೆಲವೇ ತಿಂಗಳು ತಾಮ್ರದ ತಗಡಿನ ಮೇಲೆ ನಕಾಶೆ ಕೊರೆಯುವ ಉದ್ಯೋಗದಲ್ಲಿದ್ದ. ಅನಕಾಪಾ ದ್ವೀಪದ ತಗಡಿನ ಮೇಲೆ ಯಾರೂ ಕೇಳದಿದ್ದರೂ ಎರಡು ಹಿಂಡು ಕಡಲಹಕ್ಕಿಗಳನ್ನು ಕೊರೆದಿಟ್ಟ. ಸರ್ಕಾರಿ ಕೆಲಸ ಆತನಿಗೆ ಒಗ್ಗಲಿಲ್ಲ. ಹಕ್ಕಿಗಳು ಮಾತ್ರ ಉಳಿದುವು.

ಆ ದಿನಗಳಲ್ಲಿ ಸಮುದ್ರದ ಕೆಲಸವನ್ನು ನೌಕಾಪಡೆಯಿಂದ ಎರವಲು ಬಂದ ಅಧಿಕಾರಿಗಳು ನಡೆಸುತ್ತಿದ್ದರು. ಅವರಲ್ಲೊಬ್ಬನು ಮುಖ್ಯಸ್ಥನ ಸ್ವಂತ ತಮ್ಮ, ಲೆಫ್ಟಿನೆಂಟ್ ಜಾರ್ಜ್ ಬೇಚ್. ಅಟ್ಲಾಂಟಿಕ್ ಸಾಗರದಲ್ಲಿ ಹರಿಯುವ ಬೆಚ್ಚನೆಯ ಗಲ್ಫ್ ಪ್ರವಾಹವನ್ನು ಅಳೆದು ಹಿಂದಿರುಗುತ್ತಿದ್ದಾಗ, ೧೮೪೬ರ ಸೆಪ್ಟೆಂಬರ್ ೮ರಂದು, ಹ್ಯಾಟರಸ್ ಭೂಶಿರದ ಬಳಿ 'ವಾಷಿಂಗ್ಟನ್' ಎಂಬ ಆತನ ಹಾಯಿಹಡಗು ಚಂಡಮಾರುತಕ್ಕೆ ಸಿಕ್ಕಿತು. ಅಲೆಯೊಂದು ಜಾರ್ಜನನ್ನೂ ಹತ್ತು ಮಂದಿ ನಾವಿಕರನ್ನೂ ಒಯ್ದಿತು. ಮುರಿದ ಹಡಗು ಮಾತ್ರ ಉಳಿದು ಬಂತು. ಇಲಾಖೆಯ ಸಿಬ್ಬಂದಿಯ ಸುದ್ದಿಯೂ ಮನೆಯ ದುಃಖವೂ ಅಂದು ಒಂದೇ ಕಾಗದದಲ್ಲಿ ಬಂದುವು. ಮರುವರ್ಷವೇ ಅದೇ ಪ್ರವಾಹದ ಅಳತೆ ಮುಂದುವರಿಯಿತು. ವಾಷಿಂಗ್ಟನ್ ನಗರದ ಕಾಂಗ್ರೆಷನಲ್ ಶ್ಮಶಾನದಲ್ಲಿ ಇವರ ನೆನಪಿಗೆ ಮುರಿದ ಕೂವೆಮರದ ಆಕಾರದ ಒಂದು ಕಲ್ಲನ್ನು ನಿಲ್ಲಿಸಿದ್ದಾರೆ.

ಹಾಗಾದರೆ ಸಮವಸ್ತ್ರ ಬಂದದ್ದು ಯಾವಾಗ? ಇದರ ಕಾರಣವನ್ನು ತಿಳಿದರೆ ಈ ಸೇವೆಯ ಸ್ವಭಾವವೂ ತಿಳಿಯುತ್ತದೆ. ೧೯೧೭ರ ಏಪ್ರಿಲಿನಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಸೈನ್ಯಕ್ಕೆ ಮೋಜಣಿ ಬಲ್ಲವರು ಬೇಕು. ಆದರೆ ದುರ್ಬೀನು, ಅಳತೆಯ ಸರಪಳಿ, ನಕಾಶೆಗಳನ್ನು ಹಿಡಿದು ರಣರಂಗದ ಅಂಚಿನಲ್ಲಿ ತಿರುಗುವ ಸಾಮಾನ್ಯ ಉಡುಪಿನ ಮನುಷ್ಯನು ಶತ್ರುವಿನ ಕೈಗೆ ಸಿಕ್ಕಿದರೆ ಅವನು ಗೂಢಚಾರನೆನಿಸುವನು, ಗೂಢಚಾರನಿಗೆ ಮರಣದಂಡನೆ. ಸೈನ್ಯದ ಪದವಿಯಿದ್ದರೆ ಆತ ಯುದ್ಧಕೈದಿ; ಅಂತರರಾಷ್ಟ್ರೀಯ ನಿಯಮಗಳ ರಕ್ಷಣೆ ಅವನಿಗುಂಟು. ಅದಕ್ಕಾಗಿಯೇ ೧೯೧೭ರ ಮೇ ೨೨ರಂದು ಅಧ್ಯಕ್ಷ ವಿಲ್ಸನ್ನನ ಸಹಿಯಿಂದ ಕರಾವಳಿ ಮತ್ತು ಭೂಮಿತಿ ಸರ್ವೇಕ್ಷಣ ಇಲಾಖೆಯ ಅಧಿಕಾರಿ ದಳ ಹುಟ್ಟಿತು. ಬೇರೆ ಸೇನೆಗಳಲ್ಲಿ ಸಮವಸ್ತ್ರ ಕೊಲ್ಲುವ ಅಧಿಕಾರದ ಗುರುತಾದರೆ, ಇಲ್ಲಿ ಅದು ಕೊಲೆಯಾಗದಿರಲು ತೊಟ್ಟ ಕವಚ. ಆ ಯುದ್ಧಕ್ಕೂ ಅನಂತರದ ಎರಡನೆಯ ಮಹಾಯುದ್ಧಕ್ಕೂ ದಳದ ಅರ್ಧದಷ್ಟು ಅಧಿಕಾರಿಗಳು ಸೈನ್ಯ-ನೌಕಾಪಡೆಗಳಿಗೆ ಹಂಚಿಹೋದರು.

ಹಂಚಿಹೋಗುವುದೇ ಇವರ ಬಾಳಿನ ಕ್ರಮವೆನ್ನಬೇಕು. ಸುಮಾರು ಎರಡು ವರ್ಷ ಕಡಲಿನಲ್ಲಿ, ಮೂರು ವರ್ಷ ದಡದಲ್ಲಿ, ಮತ್ತೆ ಕಡಲಿಗೆ. ಇಂದು ಅಲಾಸ್ಕದ ಹಿಮನದಿಯ ಬಾಯಿ, ನಾಳೆ ಫ್ಲಾರಿಡದ ವಿಮಾನ ನಿಲ್ದಾಣ, ನಾಡಿದ್ದು ಹವಾಯಿ. ಮುನ್ನೂರು ಮಂದಿಯನ್ನು ಅರ್ಧ ಭೂಗೋಳದ ಮೇಲೆ ಚೆಲ್ಲಿದರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದು ಎಂತು? ಆದರೂ ಒಂದು ವಿಚಿತ್ರವಿದೆ: ಇಂದು ಹಡಗಿನಲ್ಲಿ ಯಾರ ಕೈಕೆಳಗೆ ದುಡಿದೆವೋ, ಹತ್ತು ವರ್ಷದ ಮೇಲೆ ಇನ್ನೊಂದು ಹಡಗಿನಲ್ಲೋ ಕಚೇರಿಯಲ್ಲೋ ಮತ್ತೆ ಅವರನ್ನೇ ಎದುರುಗೊಳ್ಳುವುದು ಬಹುಮಟ್ಟಿಗೆ ಖಂಡಿತ. ದೊಡ್ಡ ಸೇನೆಯಲ್ಲಿ ಒಬ್ಬನೊಡನೆ ಮನಸ್ತಾಪವಾದರೆ ವರ್ಗ ಮಾಡಿಸಿಕೊಂಡು ಮರೆಯಬಹುದು. ಇಲ್ಲಿ ಮರೆಯಲು ಸ್ಥಳವೇ ಇಲ್ಲ. ಆದ್ದರಿಂದ ಇಲ್ಲಿಯ ಗೆಳೆತನ ಪ್ರೀತಿಯ ಮಾತು ಮಾತ್ರವಲ್ಲ, ಅನಿವಾರ್ಯದ ಮಾತು ಕೂಡ. ಒಂದೇ ಬಾವಿಯ ನೀರು ಸೇದುವ ಮನೆಗಳವರು ಹೇಗೋ ಹೊಂದಿಕೊಂಡು ಬಾಳುವಂತೆ ಇವರದು.

ಈ ಚೆಲ್ಲಾಪಿಲ್ಲಿಯಾದ ಬಳಗಕ್ಕೆ ದಾರವಾದದ್ದು ಕಾಗದ. ೧೯೩೦ರ ದಶಕದಲ್ಲಿ ಇಲಾಖೆಯ ಕ್ಷೇತ್ರ ಎಂಜಿನಿಯರುಗಳ ಸಂಘ ತನ್ನದೇ ಆದ ಒಂದು ಪತ್ರಿಕೆಯನ್ನು ಹೊರಡಿಸುತ್ತಿತ್ತು. ಆಳ ಅಳೆಯುವ ಹೊಸ ವಿಧಾನಗಳ ಪಕ್ಕದಲ್ಲಿ ಹಳಬರ ನೆನಪುಗಳೂ ವಿನೋದವೂ ಅಲ್ಲಿ ಅಚ್ಚಾಗುತ್ತಿದ್ದುವು. ಮುಂದೆ 'ಬಜರ್ಡ್' ಎಂಬ ಒಳಸುತ್ತಿನ ಸುದ್ದಿಪತ್ರವೂ ಬಂತು. ಬಜರ್ಡ್ ಎಂದರೆ ಗಿಡುಗದ ಜಾತಿಯ, ಮೇಲೆ ಸುತ್ತುತ್ತ ಕೆಳಗಿನದೆಲ್ಲವನ್ನೂ ನೋಡುವ ಹಕ್ಕಿ. ಸುದ್ದಿಪತ್ರಕ್ಕೆ ಒಪ್ಪುವ ಹೆಸರು! ಇಂಥ ಪತ್ರಗಳಲ್ಲಿ ಸಾಹಿತ್ಯಗುಣ ಹುಡುಕುವುದು ತಪ್ಪು. ಯಾವ ಹಡಗು ಎಲ್ಲಿದೆ, ಯಾರು ಯಾವ ಹಡಗಿಗೆ ಹೋದರು, ಯಾರ ಮದುವೆ, ಯಾರ ಮನೆಯಲ್ಲಿ ಮಗು—ಇಷ್ಟೇ. ಆದರೆ ತಿಂಗಳುಗಟ್ಟಲೆ ಮಂಜು ಮುಸುಕಿದ ಕೊಲ್ಲಿಯೊಂದರಲ್ಲಿ ಲಂಗರು ಹಾಕಿದ ಹಡಗಿಗೆ ಅಂಚೆ ಬಂದ ದಿನವನ್ನು ಊಹಿಸಿಕೊಳ್ಳಿ. ಆ ಒಂದು ಸಾಲಿನ ಸುದ್ದಿಯಲ್ಲಿ ಓದುವವನು ಎಷ್ಟನ್ನು ಓದಿಕೊಳ್ಳುತ್ತಿದ್ದಿರಬೇಕು! ಗೆಳೆಯನ ಮಗುವಿನ ಹೆಸರು. ತನಗಿಂತ ಕಿರಿಯನಿಗೆ ತನಗಿಂತ ಮೊದಲು ಬಂದ ಬಡ್ತಿ. ತನಗೆ ಗುಂಡು-ಹಗ್ಗ ಹಿಡಿಯಲು ಕಲಿಸಿದವನ ನಿವೃತ್ತಿ. ಸಂತೋಷ, ಅಸೂಯೆ, ವಿಷಾದ ಮೂರೂ ಒಂದೇ ಹಾಳೆಯಲ್ಲಿ.

ಈ ಬಳಗದ ಬಾಂಧವ್ಯಕ್ಕೆ ಇವರ ಕೆಲಸದೊಳಗೇ ಒಂದು ಪ್ರತಿಮೆ ಸಿಗುತ್ತದೆ. ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಇಳಿಬಿಟ್ಟರೆ ಅದು ಮುಟ್ಟಿದ ಒಂದು ಬಿಂದುವಿನ ಆಳ ತಿಳಿಯುವುದೇ ಹೊರತು, ಪಕ್ಕದಲ್ಲಿಯೇ ಸೂಜಿಯಂತೆ ನಿಂತ ಬಂಡೆಯ ಸುಳಿವು ಸಿಗದು. ಅಲಾಸ್ಕದ ತೀರದಲ್ಲಿ ಇಂಥ ಬಂಡೆಗಳು ಹೇರಳ. ಇದಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಇಲಾಖೆಯವರು ಒಂದು ಉಪಾಯವನ್ನು ಬೆಳೆಸಿದರು. ಎರಡು ದೋಣಿಗಳ ನಡುವೆ ಉದ್ದನೆಯ ತಂತಿಯನ್ನು ಕಟ್ಟಿ, ತೇಲುಬುರುಡೆಗಳ ನೆರವಿನಿಂದ ಅದನ್ನು ಗೊತ್ತಾದ ಆಳದಲ್ಲಿ ನಿಲ್ಲಿಸಿ, ಎರಡೂ ದೋಣಿಗಳು ಸಮನಾಗಿ ಮುಂದೆ ಸಾಗಬೇಕು. ತಂತಿ ಬಂಡೆಗೆ ಸಿಕ್ಕಿಕೊಂಡರೆ ಬುರುಡೆಗಳ ಸಾಲು ಮೂಲೆಯಾಗಿ ಬಾಗುತ್ತದೆ. ಬಾಗಿದ ತುದಿಯಲ್ಲಿ ಬಂಡೆ. ಒಂದು ದೋಣಿ ಮುಂದಾದರೆ, ಇನ್ನೊಂದು ಹಿಂದಾದರೆ ಕೆಲಸ ಕೆಟ್ಟಿತು. ಜೋಡಿ ಎತ್ತುಗಳ ಹೂಟೆಯಂತೆ ಇದು ಕಡಲಿನ ಉಳುಮೆ.

ಈ ತಂತಿಯ ವಿದ್ಯೆಯಲ್ಲಿ ಹೆಸರಾದವನು ಕ್ಯಾಪ್ಟನ್ ನಿಕೊಲಸ್ ಹೆಕ್. ಅದೇ ಇಲಾಖೆಯಲ್ಲಿ ಕರಾವಳಿ ಅಳತೆಯ ವಿಭಾಗವನ್ನು ನಡೆಸಿದ ಇನ್ನೊಬ್ಬ, ಕ್ಯಾಪ್ಟನ್ ಗಿಲ್ಬರ್ಟ್ ರೂಡಿ. ೧೯೬೭ರಲ್ಲಿ ತಂತಿ ಎಳೆಯುವುದಕ್ಕೆಂದೇ ಎರಡು ಸಣ್ಣ ಅವಳಿ ಹಡಗುಗಳು ಸೇವೆಗೆ ಬಂದಾಗ ಒಂದಕ್ಕೆ 'ರೂಡಿ' ಎಂದೂ ಇನ್ನೊಂದಕ್ಕೆ 'ಹೆಕ್' ಎಂದೂ ಹೆಸರಿಟ್ಟರು. ಎರಡು ಹಡಗಿಗೂ ಒಬ್ಬನೇ ನಾಯಕ. ಇಬ್ಬರು ಸಹೋದ್ಯೋಗಿಗಳು ತೀರಿಹೋದ ಮೇಲೆ ಅವರ ಹೆಸರುಗಳು ಒಂದೇ ತಂತಿಯನ್ನು ಎರಡು ತುದಿಯಲ್ಲಿ ಹಿಡಿದುಕೊಂಡು ವರ್ಷಗಟ್ಟಲೆ ಕಡಲನ್ನು ಗುಡಿಸಿದುವು. ಪ್ರತಿಧ್ವನಿಯಿಂದ ಇಡೀ ತಳವನ್ನೇ ಚಿತ್ರಿಸುವ ಯಂತ್ರಗಳು ಬಂದು ತಂತಿಯ ಕಾಲ ಮುಗಿಯಿತು. 'ಹೆಕ್' ಮೊದಲು ನಿವೃತ್ತಿ ಹೊಂದಿತು. 'ರೂಡಿ' ೨೦೦೮ರವರೆಗೆ ಒಂಟಿಯಾಗಿ ದುಡಿಯಿತು.

ನಮ್ಮ ನಾಡಿನ ಹಳ್ಳಿಗಳ ಹೊರಬಾಗಿಲಲ್ಲಿ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳನ್ನು ಕಾಣುತ್ತೇವೆ. ಕೆಳಗೆ ಕಾದಾಟ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ಸೂರ್ಯ, ಚಂದ್ರ. ತುರು ಕಾಯಲು ಹೋಗಿ ಸತ್ತ ಒಬ್ಬ ಸಾಮಾನ್ಯನನ್ನು ಊರು ಮರೆಯಲೊಲ್ಲದೆ ನಿಲ್ಲಿಸಿದ ಕಲ್ಲು ಅದು. ಅರಸರ ಪ್ರಶಸ್ತಿಯನ್ನು ಕವಿ ಬರೆದಾನು; ತುರುಗಾಹಿಯ ಹೆಸರನ್ನು ಅವನ ಊರೇ ಕೊರೆಯಿಸಬೇಕು. ಕಡಲನ್ನು ಅಳೆಯುವವರಿಗೆ ಹೊಲವೆಲ್ಲಿ, ಬದುವೆಲ್ಲಿ? ಅವರು ತಮ್ಮವರ ಹೆಸರನ್ನು ಕಡಲಿನ ತಳದಲ್ಲಿ ನಿಲ್ಲಿಸಿದರು.

ಜಾರ್ಜ್ ಡೇವಿಡ್ಸನ್ ಎಂಬವನು ೧೮೪೫ರಲ್ಲಿ ಇಲಾಖೆಗೆ ಸೇರಿ, ಐವತ್ತು ವರ್ಷ ದುಡಿದು, ಪಶ್ಚಿಮ ತೀರದ ಮೂಲೆಮೂಲೆಯನ್ನೂ ಅಳೆದ ಮಹಾ ಪರಿಶ್ರಮಿ. ಅಂಥವನನ್ನು ೧೮೯೫ರಲ್ಲಿ, ಮೇಲಧಿಕಾರ ಬದಲಾದಾಗ, ಕೆಲಸದಿಂದ ತೆಗೆದುಹಾಕಿದರು. ಸಿಬ್ಬಂದಿಯ ಸುದ್ದಿಗಳಲ್ಲಿ ಕಹಿಯಾದುವೂ ಇರುತ್ತವೆ! ಆತ ೧೯೧೧ರಲ್ಲಿ ತೀರಿಕೊಂಡ. ಮುಂದೆ ೧೯೩೩ರಲ್ಲಿ ಕ್ಯಾಲಿಫೋರ್ನಿಯದ ತೀರದಾಚೆ ಇದೇ ಇಲಾಖೆಯವರಿಗೆ ನೀರಿನೊಳಗೆ ಮುಳುಗಿದ ಒಂದು ಮಹಾಪರ್ವತ ಸಿಕ್ಕಿತು. ಉದ್ದ ೪೨ ಕಿಲೋಮೀಟರು; ತಳದಿಂದ ಎತ್ತರ ೨,೨೮೦ ಮೀಟರು; ಆದರೂ ಅದರ ನೆತ್ತಿ ನೀರಿನ ಮಟ್ಟದಿಂದ ೧,೨೫೦ ಮೀಟರು ಕೆಳಗಿದೆ. ೧೯೩೮ರಲ್ಲಿ ಅದಕ್ಕೆ ಡೇವಿಡ್ಸನ್ನನ ಹೆಸರಿಟ್ಟರು. ಅಮೆರಿಕದ ಭೌಗೋಳಿಕ ನಾಮಮಂಡಲಿ 'ಕಡಲಬೆಟ್ಟ' ಎಂಬ ಜಾತಿವಾಚಕವನ್ನು ಮೊದಲು ಒಪ್ಪಿಕೊಂಡದ್ದು ಈ ಬೆಟ್ಟಕ್ಕಾಗಿಯೇ. ತೆಗೆದುಹಾಕಿದ ಇಲಾಖೆಯೇ ನಲವತ್ತಮೂರು ವರ್ಷದ ಮೇಲೆ ಮಾಡಿಕೊಂಡ ಪ್ರಾಯಶ್ಚಿತ್ತವೆಂದು ಇದನ್ನು ಕರೆಯಬಹುದೇನೋ. ೨೦೧೮ರಲ್ಲಿ ಈ ಬೆಟ್ಟದ ಬುಡದ ಬಳಿ ಸಾವಿರಾರು ಅಷ್ಟಪಾದಿಗಳು ಮೊಟ್ಟೆಯಿಟ್ಟು ಕಾವು ಕುಳಿತ ನೆಲೆಯೊಂದು ಕಂಡುಬಂತು. ಮನುಷ್ಯನೊಬ್ಬನ ನೆನಪಿನ ಕಲ್ಲಿನ ಬುಡದಲ್ಲಿ ಜೀವದ ತೊಟ್ಟಿಲು! ಅಲಾಸ್ಕ ಕೊಲ್ಲಿಯಲ್ಲಿರುವ ಪ್ಯಾಟನ್ ಬೆಟ್ಟದ ಹೆಸರು ದಳದ ಮುಖ್ಯಸ್ಥನಾಗಿದ್ದ ರೇಮಂಡ್ ಪ್ಯಾಟನ್ನನದು. ಗೈಡ್, ಪಯೊನೀರ್ ಎಂಬ ಬೆಟ್ಟಗಳು ಇಲಾಖೆಯ ಹಡಗುಗಳ ಹೆಸರನ್ನು ಹೊತ್ತಿವೆ.

ಈ 'ಪಯೊನೀರ್' ಹಡಗಿನ ಹೆಸರು ನಮ್ಮ ಕಡಲಿಗೂ ಸಂಬಂಧಪಟ್ಟದ್ದು. ೧೯೫೫ರಲ್ಲಿ ಇದು ಅಮೆರಿಕದ ಪಶ್ಚಿಮ ತೀರದಾಚೆ ಒಂದು ಕಾಂತಮಾಪಕವನ್ನು ಹಿಂದೆ ಎಳೆದುಕೊಂಡು ಹೊಲ ಉತ್ತಂತೆ ಹೋಗಿ ಬಂದಾಗ, ಕಡಲತಳದ ಕಾಂತತ್ವ ಪಟ್ಟೆಪಟ್ಟೆಯಾಗಿ ಹಬ್ಬಿರುವುದು ಗೋಚರಿಸಿತು. ಮುಂದೆ ಖಂಡಗಳು ಸರಿಯುತ್ತವೆ ಎಂಬ ಸಿದ್ಧಾಂತಕ್ಕೆ ಆ ಪಟ್ಟೆಗಳೇ ಬಲವಾದ ಸಾಕ್ಷಿಗಳಾದುವು. ೧೯೬೪ರಲ್ಲಿ, ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಪರಿಶೋಧನೆಯ ಕಾಲದಲ್ಲಿ, ಅದು ಅಂಡಮಾನ್ ಸಮುದ್ರಕ್ಕೆ ಬಂತು. ಸುಮಾತ್ರದ ವಾಯವ್ಯಕ್ಕೆ ಶಾಂತವಾದ ನೀರಿನ ಮೇಲೆ ಕದಡಿದ ನೀರಿನ ಪಟ್ಟಿಗಳು ಕಂಡವು. ಅಳೆದು ನೋಡಿದರೆ, ಬೆಚ್ಚನೆಯ ಮೇಲ್ನೀರೂ ತಣ್ಣನೆಯ ಒಳನೀರೂ ಸೇರುವ ಗಡಿಯಲ್ಲಿ ಸುಮಾರು ೮೦ ಮೀಟರು ಎತ್ತರದ ಅಲೆಗಳು ಏಳುತ್ತ ಬೀಳುತ್ತ ಸಾಗುತ್ತಿದ್ದುವು. ಮೇಲೆ ನಿಂತವನಿಗೆ ಒಂದಿಷ್ಟು ನೊರೆ. ಒಳಗೆ ದೇವಸ್ಥಾನದ ಗೋಪುರಕ್ಕಿಂತ ಎತ್ತರದ ತೆರೆ. ಆ ಪರಿಶೋಧನೆಯ ಫಲವಾಗಿಯೇ ೧೯೬೬ರಲ್ಲಿ ಭಾರತದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿ ಮುಂದೆ ಗೋವೆಯಲ್ಲಿ ನೆಲೆಸಿತು. ಕಾರವಾರದ ದಂಡೆಗೆ ಅದು ನೆರೆಮನೆಯೇ ಸರಿ.

ಈ ನಡುವೆ ಇಲಾಖೆಯ ಹೆಸರುಗಳು ಬದಲಾದುವು. ೧೯೬೫ರಲ್ಲಿ ಒಂದು ಹೊಸ ಆಡಳಿತದೊಳಗೆ ಸೇರಿ, ೧೯೭೦ರ ಅಕ್ಟೋಬರಿನಲ್ಲಿ ನೋವಾ ಆಯಿತು. ಬಳಗದ ಬಾಗಿಲೂ ಅಗಲವಾಯಿತು. ೧೯೭೨ರಲ್ಲಿ ಮೊದಲ ಮಹಿಳಾ ಅಧಿಕಾರಿಯಾಗಿ ಪಮೆಲಾ ಚೆಲ್‌ಗ್ರೆನ್ ಸೇರಿದರು. ನಕಾಶೆ ಬರೆಯುವ ಉದ್ಯೋಗದಿಂದ ದಳಕ್ಕೆ ಬಂದ ಎವೆಲಿನ್ ಫೀಲ್ಡ್ಸ್ ಎಂಬ ಕರಿಯ ಜನಾಂಗದ ಮಹಿಳೆ ೧೯೮೯ರಲ್ಲಿ ಹಡಗೊಂದರ ನಾಯಕಿಯಾದರು. ೧೯೯೯ರಲ್ಲಿ ಇಡೀ ದಳದ ಮುಖ್ಯಸ್ಥೆಯಾದರು. ಒಂದು ಸಾಲಿನ ಬಡ್ತಿಯ ಸುದ್ದಿಯಲ್ಲಿ ಒಂದು ದೇಶದ ಚರಿತ್ರೆ ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಆದರೆ ಆ ಸುದ್ದಿ ಬರುವುದಕ್ಕೆ ಮೊದಲು ಈ ಬಳಗ ಸಾವಿನ ಹೊಸ್ತಿಲವರೆಗೆ ಹೋಗಿ ಬಂದಿತ್ತು. ೧೯೯೫ರಲ್ಲಿ ಸರ್ಕಾರದ ಗಾತ್ರವನ್ನು ಕುಗ್ಗಿಸುವ ಯೋಜನೆಯಲ್ಲಿ ಈ ದಳವನ್ನೇ ರದ್ದುಮಾಡುವ ಸೂಚನೆ ಬಂತು. ಮರುವರ್ಷ ಸರ್ಕಾರದ ಲೆಕ್ಕಪರಿಶೋಧಕರು ಕೇಳಿದ ಪ್ರಶ್ನೆ ನೇರವಾದದ್ದು: ಯುದ್ಧ ಮಾಡದವರಿಗೆ ಸೈನಿಕರ ವೇತನ-ಸೌಕರ್ಯಗಳು ಏಕೆ? ಈ ಕೆಲಸವನ್ನು ಸಾಮಾನ್ಯ ನೌಕರರು ಮಾಡಲಾರರೇ? ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ತೆರಿಗೆ ತೆರುವವನಿಗೆ ಅದನ್ನು ಕೇಳುವ ಹಕ್ಕಿದೆ. ಮೋಜಣಿಯ ಹಲವು ಭಾಗಗಳನ್ನು ಸಮವಸ್ತ್ರವಿಲ್ಲದ ತಜ್ಞರು ಚೆನ್ನಾಗಿಯೇ ಮಾಡುತ್ತಿದ್ದಾರೆ. ದಳದ ಪರವಾಗಿ ನಿಂತವರ ಉತ್ತರವೂ ಅಷ್ಟೇ ಸರಳ: ಮನೆಮಾರು ಬಿಟ್ಟು ಹೊರಡು ಎಂದರೆ ಅಂದೇ ಹೊರಡುವವರು ಬೇಕು, ಹಡಗು, ವಿಮಾನ, ಪ್ರಯೋಗಾಲಯ ಮೂರನ್ನೂ ಬಲ್ಲ ಕೈಗಳು ಬೇಕು. ವಾದ ಮೂರು ವರ್ಷ ನಡೆಯಿತು. ಆ ಅವಧಿಯಲ್ಲಿ ಹೊಸಬರ ನೇಮಕವೇ ನಿಂತುಹೋಯಿತು. ನಿವೃತ್ತಿಯ ಸುದ್ದಿ ಬರುತ್ತಿತ್ತು, ಸೇರಿದವರ ಸುದ್ದಿಯಿಲ್ಲ. ತೊಟ್ಟಿಲು ತೂಗದ ಮನೆಯ ಹಾಗೆ ಬಳಗ ವರ್ಷದಿಂದ ವರ್ಷಕ್ಕೆ ಕರಗಿತು. ಕಡೆಗೆ ೧೯೯೮ರಲ್ಲಿ ದಳವನ್ನು ಉಳಿಸಿಕೊಳ್ಳುವ ಶಾಸನವಾಗಿ, ನೇಮಕ ಮತ್ತೆ ಆರಂಭವಾಯಿತು.

ಉಳಿದದ್ದು ಲೆಕ್ಕದ ಬಲದಿಂದಲೋ, ಬಳಗದ ಬಲದಿಂದಲೋ? ರಾಜಕಾರಣದಲ್ಲಿ ಇಂಥ ಪ್ರಶ್ನೆಗೆ ಒಂದೇ ಉತ್ತರವಿರುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಹಿಡಿಸದ ಒಂದು ಗುಣ ಈ ಸೇವೆಗಿದೆ ಎಂಬುದಕ್ಕೆ ಮುಂದಿನ ಘಟನೆ ಸಾಕ್ಷಿ. ಅದನ್ನು ಹೇಳಿ ಮುಗಿಸುತ್ತೇವೆ.

೧೮೬೦ರ ಜೂನ್ ೨೧ರ ಬೆಳಗಿನ ಜಾವ, ಕರಾವಳಿ ಸರ್ವೇಕ್ಷಣದ 'ರಾಬರ್ಟ್ ಜೆ. ವಾಕರ್' ಎಂಬ ಕಬ್ಬಿಣದ ಉಗಿಹಡಗು ನಾರ್ಫೋಕಿನಿಂದ ನ್ಯೂಯಾರ್ಕಿಗೆ ಹೋಗುತ್ತಿತ್ತು. ನ್ಯೂಜರ್ಸಿಯ ತೀರದಾಚೆ ಸರಕಿನ ಹಾಯಿಹಡಗೊಂದು ಬಂದು ಡಿಕ್ಕಿ ಹೊಡೆಯಿತು. 'ವಾಕರ್' ಸ್ವಲ್ಪ ಹೊತ್ತಿನಲ್ಲಿಯೇ ಮುಳುಗಿತು. ಸುಮಾರು ಇಪ್ಪತ್ತು ಮಂದಿ ಸತ್ತರು. ಸರ್ವೇಕ್ಷಣದ ಇತಿಹಾಸದಲ್ಲಿ ಒಂದೇ ಬಾರಿಗೆ ಇಷ್ಟು ಜೀವಗಳು ಹೋದದ್ದು ಮತ್ತೊಂದಿಲ್ಲ. ಆದರೆ ದೇಶವೇ ಅಂದು ಎರಡಾಗಿ ಒಡೆಯುವ ಹೊತ್ತು, ಮರುವರ್ಷ ಅಂತರ್ಯುದ್ಧ. ಸತ್ತವರಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ೧೯೭೦ರ ದಶಕದಲ್ಲಿ ಮೀನುಗಾರರ ಬಲೆಗೆ ತೊಡರಿದ ಒಂದು ಭಗ್ನಹಡಗು ಅಲ್ಲಿದೆಯೆಂದು ತಿಳಿಯಿತು; ಅದರ ಹೆಸರು ಮಾತ್ರ ಯಾರಿಗೂ ತಿಳಿಯಲಿಲ್ಲ.

೨೦೧೨ರಲ್ಲಿ ಸ್ಯಾಂಡಿ ಎಂಬ ಚಂಡಮಾರುತ ಆ ತೀರವನ್ನು ಹೊಡೆಯಿತು. ಹಡಗಿನ ದಾರಿಗಳನ್ನು ಮತ್ತೆ ಅಳೆಯಲು ನೋವಾದ 'ಥಾಮಸ್ ಜೆಫರ್ಸನ್' ಹಡಗು ಹೋಯಿತು. ಮೊದಲ ಶಾಸನಕ್ಕೆ ಸಹಿ ಹಾಕಿದವನ ಹೆಸರಿನ ಹಡಗು ಅದು. ೨೦೧೩ರ ಜೂನ್ ತಿಂಗಳಲ್ಲಿ ಅದರ ಧ್ವನಿಯಂತ್ರಗಳು ಆ ಭಗ್ನಹಡಗಿನ ಚಿತ್ರವನ್ನು ತೆಗೆದುವು. ಮುಳುಗುಗಾರರು ಇಳಿದು ಎಂಜಿನನ್ನೂ ಕಬ್ಬಿಣದ ಕಟ್ಟನ್ನೂ ನೋಡಿ ಬಂದರು. ಹಳೆಯ ದಾಖಲೆಗಳೊಡನೆ ಹೋಲಿಸಲಾಗಿ ಅದು 'ವಾಕರ್' ಎಂಬುದು ಖಚಿತವಾಯಿತು. ನೂರೈವತ್ತಮೂರು ವರ್ಷದ ಮೇಲೆ, ಅದೇ ಕೆಲಸವನ್ನು ಮಾಡುವ ಅದೇ ವಂಶದ ಹಡಗು ಆ ನೀರಿನ ಮೇಲೆ ನಿಂತು ಹೂಮಾಲೆಯನ್ನು ಬಿಟ್ಟಿತು.

ಹೀಗೆ ಒಂದು ನಿಧನವಾರ್ತೆ ಒಂದೂವರೆ ಶತಮಾನ ತಡವಾಗಿ ತಲುಪಬೇಕಾದವರಿಗೆ ತಲುಪಿತು. ದೊಡ್ಡ ಸೇನೆಯ ಪಟ್ಟಿಯಲ್ಲಿ ಇಪ್ಪತ್ತು ಹೆಸರು ಒಂದು ಅಂಕಿಯಾಗಿ ಕರಗಿಹೋಗುತ್ತಿತ್ತೋ ಏನೋ. ಕಿರುಬಳಗಕ್ಕೆ ತನ್ನವರ ಲೆಕ್ಕ ತಪ್ಪಿದರೆ ನಿದ್ರೆಯಿಲ್ಲ. ನಾಳೆ ಪತ್ರಿಕೆಯ ಮೂಲೆಯಲ್ಲಿ ಇಂಥವರಿಗೆ ವರ್ಗ, ಇಂಥವರಿಗೆ ಬಡ್ತಿ ಎಂಬ ಸಾಲುಗಳನ್ನು ಕಂಡಾಗ ಓದುಗರು ಒಂದು ಕ್ಷಣ ನಿಂತು ಹೆಸರನ್ನು ಓದಲಿ. ಅದನ್ನು ಎಲ್ಲಿಯೋ ಯಾರೋ, ಅಂಚೆಗಾಗಿ ಕಾದು ಕುಳಿತವರು, ಮೊದಲ ಸುದ್ದಿಯೆಂದು ಓದುತ್ತಿರುತ್ತಾರೆ.